ದೊಡ್ಡ ಟೇಬಲ್‌ನಿಂದ ಯಾದೃಚ್ಛಿಕ ಸಾಲುಗಳನ್ನು ತೆಗೆಯುವುದು ಹೇಗೆ? ವೇಗವೂ ಬೇಕು, ಸಮಾನ ಅವಕಾಶವೂ ಬೇಕು

ಅಭ್ಯಾಸಿ:

ನಾನು ನೋಡಿಕೊಳ್ಳುವ ಅಭ್ಯಾಸ ಪರೀಕ್ಷೆಗಳ ಜಾಲತಾಣದಲ್ಲಿ ಪ್ರಶ್ನೆಗಳ ಟೇಬಲ್ ಬೆಳೆಯುತ್ತ ಬೆಳೆಯುತ್ತ ಈಗ ಸುಮಾರು 10 ಲಕ್ಷ ಸಾಲುಗಳನ್ನು ಮುಟ್ಟಿದೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ 8.0, ಸಾಲುಗಳನ್ನು ಉಳಿಸಿಡುವ ಎಂಜಿನ್ ಇನ್ನೊಡಿಬಿ. ವಿದ್ಯಾರ್ಥಿ ಒಂದು ವಿಷಯವನ್ನು ಆರಿಸಿಕೊಂಡ ಕೂಡಲೇ ಆ ವಿಷಯದ ಅನುಮೋದನೆಯಾದ ಪ್ರಶ್ನೆಗಳಲ್ಲಿ ಯಾವುದಾದರೂ ಹತ್ತನ್ನು ತೋರಿಸಬೇಕು. ಇಷ್ಟು ಕಾಲ ‘ಆರ್ಡರ್ ಬೈ ರ‍್ಯಾಂಡ್() ಲಿಮಿಟ್ 10’ ಎಂಬ, ಅಂದರೆ ಸಾಲುಗಳನ್ನು ಕಲೆಸಿ ಮೊದಲ ಹತ್ತನ್ನು ಕೇಳುವ ಒಂದೇ ಕ್ವೆರಿಯಲ್ಲಿ ಕೆಲಸ ನಡೆಯುತ್ತಿತ್ತು. ಈಗ ಪರೀಕ್ಷೆಗಳ ಸಮಯದಲ್ಲಿ ನೂರಾರು ಜನ ಒಟ್ಟಿಗೆ ಬಂದರೆ ನಿಧಾನವಾದ ಕ್ವೆರಿಗಳ ಲಾಗ್ ತುಂಬ ಇದೇ ಕಾಣುತ್ತದೆ, ಇದರ ದೆಸೆಯಿಂದ ಉಳಿದ ಪುಟಗಳೂ ತಡವಾಗುತ್ತವೆ.

ಇದಕ್ಕೆ ಬದಲಾಗಿ ಎಲ್ಲೆಡೆ ಸೂಚಿಸುವ ‘ವೇರ್ ಐಡಿ >= ಫ್ಲೋರ್(ರ‍್ಯಾಂಡ್() * ಗರಿಷ್ಠ ಐಡಿ) ಆರ್ಡರ್ ಬೈ ಐಡಿ ಲಿಮಿಟ್ 1’ ಎಂಬ ಕ್ವೆರಿಯನ್ನು ಪರೀಕ್ಷಾ ಸರ್ವರ್‌ನಲ್ಲಿ ಓಡಿಸಿ ನೋಡಿದೆ. ಉತ್ತರ ತಕ್ಷಣ ಬರುತ್ತದೆ, ಆದರೆ ಮತ್ತೆ ಮತ್ತೆ ಓಡಿಸಿದರೂ ತೀರಾ ಹಳೆಯ ಪ್ರಶ್ನೆಗಳೇ ಸಿಗುತ್ತವೆ. ಈಚೆಗೆ ಸೇರಿಸಿದ್ದು ಒಂದೂ ಕಾಣುವುದಿಲ್ಲ. ಇದಕ್ಕೆ ಕಾರಣವೇನು, ಸರಿಯಾದ ದಾರಿ ಯಾವುದು ಎಂದು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಕಡತಗಾರ:

ಮೊದಲು ನಿಮ್ಮ ಹಳೆಯ ಕ್ವೆರಿ ಏಕೆ ನಿಧಾನ ಎಂಬುದನ್ನು ನೋಡೋಣ, ಏಕೆಂದರೆ ಅದರ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹರಡಿದೆ. ಸಾಮಾನ್ಯವಾಗಿ ಎಲ್ಲರೂ ವಿಂಗಡಣೆಯನ್ನು ದೂರುತ್ತಾರೆ. ಆದರೆ ಮೈಎಸ್‌ಕ್ಯೂಎಲ್ 5.6ರಿಂದ ಈಚೆಗೆ, ಲಿಮಿಟ್ ಚಿಕ್ಕದಿದ್ದಾಗ ಇಡೀ ಪಟ್ಟಿಯನ್ನು ವಿಂಗಡಿಸದೆ ಮೊದಲ ಹತ್ತನ್ನು ಮಾತ್ರ ಉಳಿಸಿಕೊಳ್ಳುವ ಪ್ರಯಾರಿಟಿ ಕ್ಯೂ ವಿಧಾನ ಬಳಕೆಯಲ್ಲಿದೆ; ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಕೂಡ ಹೀಗೆಯೇ ಮಾಡುತ್ತದೆ. ನಿಜವಾದ ಹೊರೆ ಇರುವುದು ಓದಿನಲ್ಲಿ. ಷರತ್ತಿಗೆ ಹೊಂದುವ ಪ್ರತಿಯೊಂದು ಸಾಲನ್ನೂ ಓದಬೇಕು, ಪ್ರತಿಯೊಂದಕ್ಕೂ ಒಂದು ಸಂಖ್ಯೆಯನ್ನು ಹುಟ್ಟಿಸಬೇಕು, ಆಮೇಲೆ ಹತ್ತನ್ನು ಬಿಟ್ಟು ಉಳಿದುದೆಲ್ಲವನ್ನೂ ಎಸೆಯಬೇಕು. ಆ ಸಂಖ್ಯೆಗಳು ಆ ಕ್ಷಣದಲ್ಲಿ ಹುಟ್ಟುವುದರಿಂದ ಯಾವ ಇಂಡೆಕ್ಸೂ (ಬೇಗ ಹುಡುಕಲು ಮೊದಲೇ ವಿಂಗಡಿಸಿಟ್ಟ ಸೂಚಿ) ನೆರವಿಗೆ ಬರಲಾರದು. ಜಾಲತಾಣ ಕಟ್ಟುವ ಚೌಕಟ್ಟುಗಳಲ್ಲೂ ಅಷ್ಟೇ: ಜ್ಯಾಂಗೊದಲ್ಲಿ ‘ಆರ್ಡರ್_ಬೈ’ಗೆ ಪ್ರಶ್ನಾರ್ಥಕ ಚಿಹ್ನೆ ಕೊಟ್ಟರೂ, ಲಾರಾವೆಲ್‌ನ ‘ಇನ್‌ರ‍್ಯಾಂಡಮ್‌ಆರ್ಡರ್’ ಬಳಸಿದರೂ ಒಳಗೆ ಆಗುವುದು ಇದೇ.

ತಕ್ಷಣದ ಪರಿಹಾರ ಒಂದಿದೆ. ಪ್ರಶ್ನೆಯ ಪೂರ್ಣ ಪಠ್ಯ, ಆಯ್ಕೆಗಳು, ವಿವರಣೆ ಇವನ್ನೆಲ್ಲ ಅದೇ ಕ್ವೆರಿಯಲ್ಲಿ ಕೇಳಬೇಡಿ. ವಿಷಯ ಮತ್ತು ಅನುಮೋದನೆ ಎಂಬ ಎರಡು ಕಾಲಂಗಳ ಮೇಲೆ ಇಂಡೆಕ್ಸ್ ಕಟ್ಟಿ, ಒಳಗಿನ ಕ್ವೆರಿಯಲ್ಲಿ ಐಡಿಗಳನ್ನು ಮಾತ್ರ ರ‍್ಯಾಂಡ್ ಮೂಲಕ ಆರಿಸಿ, ಹೊರಗಿನ ಕ್ವೆರಿಯಲ್ಲಿ ಆ ಹತ್ತು ಐಡಿಗಳಿಗೆ ಪೂರ್ತಿ ಸಾಲುಗಳನ್ನು ಜೋಡಿಸಿ. ಇನ್ನೊಡಿಬಿಯಲ್ಲಿ ಪ್ರತಿ ಎರಡನೆಯ ಹಂತದ ಇಂಡೆಕ್ಸ್‌ನೊಳಗೂ ಪ್ರೈಮರಿ ಕೀ (ಇಲ್ಲಿ ಐಡಿ) ಇದ್ದೇ ಇರುವುದರಿಂದ ಒಳಗಿನ ಕೆಲಸ ಇಂಡೆಕ್ಸ್‌ನಲ್ಲೇ ಮುಗಿಯುತ್ತದೆ, ಮೂಲ ಟೇಬಲ್ಲನ್ನು ಮುಟ್ಟುವುದೇ ಇಲ್ಲ. ಸಾಲುಗಳು ಹೆಚ್ಚಿದಂತೆ ಕಾಲವೂ ಹೆಚ್ಚುವುದು ಇದರಿಂದ ತಪ್ಪುವುದಿಲ್ಲ, ಹೊರೆ ಮಾತ್ರ ಬಹಳ ಹಗುರವಾಗುತ್ತದೆ.

ಸಂಭವಿ:

ಹಳೆಯ ಪ್ರಶ್ನೆಗಳೇ ಏಕೆ ಬರುತ್ತವೆ ಎಂಬುದಕ್ಕೆ ಉತ್ತರಿಸುತ್ತೇನೆ. ನೀವು ಬರೆದ ಕ್ವೆರಿಯನ್ನು ಓದಿದರೆ ‘ಒಂದು ಯಾದೃಚ್ಛಿಕ ಸಂಖ್ಯೆಯನ್ನು ತೆಗೆ, ಅದರಿಂದ ಮುಂದಿನ ಮೊದಲ ಐಡಿಯನ್ನು ಕೊಡು’ ಎಂದಂತೆ ತೋರುತ್ತದೆ. ಡೇಟಾಬೇಸ್ ಅದನ್ನು ಹಾಗೆ ಓದುವುದಿಲ್ಲ. ವೇರ್ ಷರತ್ತಿನಲ್ಲಿರುವ ರ‍್ಯಾಂಡ್ ಪ್ರತಿ ಸಾಲಿಗೂ ಹೊಸದಾಗಿ ಲೆಕ್ಕಕ್ಕೆ ಬರುತ್ತದೆ.

ಐಡಿಗಳು 1ರಿಂದ 10 ಲಕ್ಷದವರೆಗೆ ಒಂದೂ ಬಿಡದಂತೆ ಇವೆ ಎಂದುಕೊಳ್ಳಿ. ಸರ್ವರ್ ಒಂದನೆಯ ಸಾಲಿನಿಂದ ಆರಂಭಿಸಿ ಪ್ರತಿಯೊಂದರ ಮುಂದೆಯೂ ಹೊಸ ಸಂಖ್ಯೆಯನ್ನು ಎಸೆಯುತ್ತ ಹೋಗುತ್ತದೆ. 100ನೆಯ ಸಾಲು ಉತ್ತೀರ್ಣವಾಗುವ ಸಾಧ್ಯತೆ ಸುಮಾರು 10,000ದಲ್ಲಿ ಒಂದು, 1,000ದ ಸಾಲಿಗೆ ಸುಮಾರು 1,000ದಲ್ಲಿ ಒಂದು. ಒಂದೊಂದೂ ಸಣ್ಣದೇ, ಆದರೆ ಸರ್ವರ್ ಮೊದಲು ಉತ್ತೀರ್ಣವಾದ ಸಾಲಿನಲ್ಲೇ ನಿಂತುಬಿಡುವುದರಿಂದ ಇವೆಲ್ಲ ಕೂಡುತ್ತ ಹೋಗುತ್ತವೆ. ಲೆಕ್ಕ ಹಾಕಿದರೆ ಅರ್ಧದಷ್ಟು ಸಲ ಉತ್ತರ ಮೊದಲ 1,180 ಸಾಲುಗಳೊಳಗೇ ಸಿಕ್ಕಿಬಿಡುತ್ತದೆ. 3,000ವನ್ನು ದಾಟುವುದು ನೂರರಲ್ಲಿ ಸುಮಾರು ಒಂದು ಸಲ, 4,000ವನ್ನು ದಾಟುವುದು ಸುಮಾರು ಮೂರು ಸಾವಿರ ಸಲಕ್ಕೆ ಒಮ್ಮೆ. ಅಂದರೆ 10 ಲಕ್ಷ ಪ್ರಶ್ನೆಗಳಲ್ಲಿ 9 ಲಕ್ಷ 90 ಸಾವಿರಕ್ಕೂ ಹೆಚ್ಚು ಪ್ರಶ್ನೆಗಳಿಗೆ ಬೆಳಕು ಕಾಣುವ ಯೋಗವೇ ಇಲ್ಲ. ನಿಮಗೆ ಉತ್ತರ ಬೇಗ ಸಿಗುತ್ತಿರುವುದೂ ಇದೇ ಕಾರಣದಿಂದ: ಸರ್ವರ್ ಟೇಬಲ್‌ನ ಬಾಗಿಲಲ್ಲೇ ನಿಂತು ಮರಳುತ್ತಿದೆ.

ಪರಿಹಾರ ಸರಳ. ಆ ಸಂಖ್ಯೆಯನ್ನು ಅಪ್ಲಿಕೇಶನ್ ಕೋಡ್‌ನಲ್ಲಿ ಒಮ್ಮೆ ಮಾತ್ರ ಹುಟ್ಟಿಸಿ, ಪ್ಯಾರಾಮೀಟರ್ ಆಗಿ ಕಳುಹಿಸಿ. ವೇರ್ ಒಳಗೆ ಉಪಕ್ವೆರಿಯಾಗಿ ಸುತ್ತಿಟ್ಟರೆ ಸಾಕೆಂದು ನಂಬಬೇಡಿ. ಮೈಎಸ್‌ಕ್ಯೂಎಲ್ ಅಂಥ ಉಪಕ್ವೆರಿಯನ್ನೂ ಸಾಲು ಸಾಲಿಗೆ ಮತ್ತೆ ನಡೆಸಬಹುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ರ‍್ಯಾಂಡ್ ಇಡೀ ಕ್ವೆರಿಗೆ ಒಂದೇ ಸಲ ಲೆಕ್ಕವಾಗುವುದರಿಂದ ‘ಆರ್ಡರ್ ಬೈ ರ‍್ಯಾಂಡ್()’ ಬರೆದರೆ ಏನೂ ಕಲೆಸುವುದಿಲ್ಲ, ಅದಕ್ಕಾಗಿಯೇ ಅಲ್ಲಿನವರು ‘ನ್ಯೂಐಡಿ’ ಬಳಸುತ್ತಾರೆ. ಒಂದು ಡೇಟಾಬೇಸ್‌ನ ಉಪಾಯವನ್ನು ಇನ್ನೊಂದಕ್ಕೆ ಹಾಗೆಯೇ ಒಯ್ಯುವಾಗ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಡಬೇಕು.

ಅಭ್ಯಾಸಿ:

ತುಂಬ ಉಪಕಾರವಾಯಿತು. ಸಂಖ್ಯೆಯನ್ನು ಕೋಡ್‌ನಲ್ಲಿ ಹುಟ್ಟಿಸಿ ಕಳುಹಿಸಿದಾಗ ಹೊಸ ಪ್ರಶ್ನೆಗಳೂ ಬರತೊಡಗಿದವು, ವೇಗವೂ ಹಾಗೆಯೇ ಇದೆ. ಇನ್ನೊಂದು ಸಂದೇಹ. ಹಿಂದೆ ನಕಲು ಪ್ರಶ್ನೆಗಳನ್ನು ದೊಡ್ಡ ಗುಂಪುಗಳಲ್ಲಿ ಅಳಿಸಿದ್ದರಿಂದ ಐಡಿಗಳ ನಡುವೆ ಉದ್ದುದ್ದ ಖಾಲಿ ಜಾಗಗಳಿವೆ. ಇದರಿಂದ ತೊಂದರೆಯಾಗುತ್ತದೆಯೇ?

ಸಂಭವಿ:

ಖಂಡಿತ ಆಗುತ್ತದೆ. ಟೇಬಲ್‌ನಲ್ಲಿ ಉಳಿದಿರುವ ಐಡಿಗಳು 1, 2, 3 ಮತ್ತು 10 ಎಂದಿಟ್ಟುಕೊಳ್ಳಿ. 1ರಿಂದ 10ರೊಳಗೆ ಒಂದು ಸಂಖ್ಯೆಯನ್ನು ತೆಗೆದರೆ, 4ರಿಂದ 10ರವರೆಗಿನ ಏಳು ಸಂಖ್ಯೆಗಳೂ ಐಡಿ 10ಕ್ಕೇ ಕೊಂಡೊಯ್ಯುತ್ತವೆ. ಹತ್ತರಲ್ಲಿ ಏಳು ಸಲ ಅದೊಂದೇ, ಉಳಿದ ಮೂರಕ್ಕೆ ಒಂದೊಂದು ಸಲ. 50,000 ಐಡಿಗಳ ಗುಂಪನ್ನು ಅಳಿಸಿದ್ದರೆ ಅದರ ಆಚೆ ದಡದಲ್ಲಿರುವ ಪ್ರಶ್ನೆಗೆ ಉಳಿದ ಪ್ರಶ್ನೆಗಳಿಗಿಂತ 50,000 ಪಟ್ಟು ಹೆಚ್ಚು ಅವಕಾಶ ಸಿಗುತ್ತದೆ.

ಸಮಾನ ಅವಕಾಶವೇ ಮುಖ್ಯವಾದರೆ ‘ಅಥವಾ ಮುಂದಿನದು’ ಎಂಬ ಸಡಿಲಿಕೆಯನ್ನು ಕೈಬಿಡಬೇಕು. ಸಂಖ್ಯೆಯನ್ನು ತೆಗೆಯಿರಿ, ಆ ಐಡಿಯೇ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಇನ್ನೊಂದು ತೆಗೆಯಿರಿ. ಶೇಕಡಾ 80 ಐಡಿಗಳು ಜೀವಂತವಾಗಿದ್ದರೆ ಒಂದು ಸಾಲಿಗೆ ಸರಾಸರಿ 1.25 ಪ್ರಯತ್ನ ಸಾಕು. ಹತ್ತು ಬೇಕಾದಾಗ ಬೇರೆ ಬೇರೆಯಾದ 20 ಸಂಖ್ಯೆಗಳನ್ನು ಒಂದೇ ‘ಇನ್’ ಪಟ್ಟಿಯಲ್ಲಿ ಕಳುಹಿಸಿದರೆ ಸುಮಾರು 16 ಸಿಗುತ್ತವೆ. ಹತ್ತಕ್ಕಿಂತ ಕಡಿಮೆ ಸಿಗುವುದು ಸಾವಿರಕ್ಕೆ ಒಂದಕ್ಕಿಂತಲೂ ಅಪರೂಪ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಿಕ್ಕ 16ರಲ್ಲಿ ಮೊದಲ ಹತ್ತನ್ನು ತೆಗೆದುಕೊಳ್ಳುವುದು ಸರಿಯಲ್ಲ. ‘ಇನ್’ ಪಟ್ಟಿಗೆ ಉತ್ತರ ನೀವು ಕೇಳಿದ ಕ್ರಮದಲ್ಲಿ ಬರುವುದಿಲ್ಲ, ಸಾಮಾನ್ಯವಾಗಿ ಪ್ರೈಮರಿ ಕೀ ಕ್ರಮದಲ್ಲಿ ಬರುತ್ತದೆ. ಆಗ ಸಣ್ಣ ಐಡಿಗಳೇ ಆಯ್ಕೆಯಾಗಿ, ಹಿಂದಿನ ಬಾಗಿಲಿನಿಂದ ಅದೇ ಪಕ್ಷಪಾತ ಒಳಗೆ ಬರುತ್ತದೆ. ನೀವು ಸಂಖ್ಯೆಗಳನ್ನು ಹುಟ್ಟಿಸಿದ ಕ್ರಮದಲ್ಲೇ ಹತ್ತನ್ನು ಎಣಿಸಿಕೊಳ್ಳಿ.

ನೆರಳುಬಳ್ಳಿ:

ಒಟ್ಟು ಸಾಲುಗಳನ್ನು ಎಣಿಸಿ, ಅಷ್ಟರೊಳಗೆ ಒಂದು ಸಂಖ್ಯೆಯನ್ನು ತೆಗೆದು, ‘ಲಿಮಿಟ್ 1 ಆಫ್‌ಸೆಟ್’ ಆ ಸಂಖ್ಯೆ ಎಂದು, ಅಂದರೆ ಅಷ್ಟು ಸಾಲುಗಳನ್ನು ಬಿಟ್ಟು ಮುಂದಿನದನ್ನು ಕೊಡು ಎಂದು ಕೇಳಿದರೆ ಖಾಲಿ ಜಾಗಗಳ ಪ್ರಶ್ನೆಯೇ ಏಳುವುದಿಲ್ಲವಲ್ಲ? ಪಕ್ಷಪಾತವೂ ಇಲ್ಲ.

ಕಡತಗಾರ:

ಪಕ್ಷಪಾತವಿಲ್ಲ ಎಂಬುದು ನಿಜ. ಆದರೆ ಆಫ್‌ಸೆಟ್ 6 ಲಕ್ಷ ಎಂದರೆ ಸರ್ವರ್ 6 ಲಕ್ಷ ನಮೂದುಗಳನ್ನು ದಾಟಿಕೊಂಡೇ ಹೋಗಬೇಕು, ನೇರವಾಗಿ ನೆಗೆಯಲು ಅದಕ್ಕೆ ದಾರಿಯಿಲ್ಲ. ಸರಾಸರಿ ಅರ್ಧ ಟೇಬಲ್. ಎಣಿಕೆಯೂ ಬಿಟ್ಟಿಯಲ್ಲ: ಹಳೆಯ ಎಂಜಿನ್ ಆದ ಮೈಐಎಸ್‌ಎಎಂ ಸಾಲುಗಳ ನಿಖರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುತ್ತಿತ್ತು, ಇನ್ನೊಡಿಬಿ ಪ್ರತಿ ಸಲ ಎಣಿಸುತ್ತದೆ. ಹತ್ತು ಸಾಲುಗಳಿಗೆ ಹತ್ತು ಆಫ್‌ಸೆಟ್‌ಗಳಾದರೆ ‘ಆರ್ಡರ್ ಬೈ ರ‍್ಯಾಂಡ್’ಗಿಂತಲೂ ಭಾರವಾದೀತು. ಕೆಲವು ಸಾವಿರ ಸಾಲುಗಳ ಟೇಬಲ್‌ಗೆ ಸರಿ.

ಹೊಂಬಿಸಿಲು:

ಅಭ್ಯಾಸಿಯವರ ಟೇಬಲ್‌ನಲ್ಲಿ ವಿಷಯ ಮತ್ತು ಅನುಮೋದನೆ ಎಂಬ ಷರತ್ತುಗಳಿವೆ ಎಂಬುದನ್ನು ಚರ್ಚೆ ಮರೆಯುತ್ತಿದೆ. ಒಂದು ವಿಷಯ ಇಡೀ ಟೇಬಲ್‌ನ ಶೇಕಡಾ 1 ಮಾತ್ರ ಇದ್ದರೆ, ತೆಗೆದು ನೋಡಿ ಬಿಡುವ ವಿಧಾನದಲ್ಲಿ ಹತ್ತು ಪ್ರಶ್ನೆಗಳಿಗೆ ಸರಾಸರಿ ಸಾವಿರ ಐಡಿಗಳನ್ನು ಕೇಳಬೇಕಾಗುತ್ತದೆ.

ಷರತ್ತುಗಳಿರುವಾಗ ನನಗೆ ಒಪ್ಪಿಗೆಯಾದ ವಿಧಾನವೆಂದರೆ ಪ್ರತಿ ಸಾಲಿಗೂ ಅದು ಸೇರಿದಾಗಲೇ 0ಯಿಂದ 1ರೊಳಗಿನ ಒಂದು ಯಾದೃಚ್ಛಿಕ ಸಂಖ್ಯೆಯನ್ನು ಪ್ರತ್ಯೇಕ ಕಾಲಂನಲ್ಲಿ ಬರೆದಿಟ್ಟು, ವಿಷಯ, ಅನುಮೋದನೆ ಮತ್ತು ಈ ಸಂಖ್ಯೆ ಎಂಬ ಮೂರನ್ನೂ ಇದೇ ಕ್ರಮದಲ್ಲಿ ಸೇರಿಸಿ ಇಂಡೆಕ್ಸ್ ಕಟ್ಟುವುದು. ಬೇಕಾದಾಗ ಹೊಸ ಸಂಖ್ಯೆಯನ್ನು ತೆಗೆದು, ಆ ವಿಷಯದೊಳಗೆ ಅದಕ್ಕೆ ಸಮನಾದ ಅಥವಾ ಅದರಿಂದ ಮುಂದಿನ ಸಾಲನ್ನು ಕೇಳಿದರೆ ಇಂಡೆಕ್ಸ್‌ನಲ್ಲಿ ಒಂದೇ ಇಳಿತದಲ್ಲಿ ಉತ್ತರ ಸಿಗುತ್ತದೆ. ಮುಂದೆ ಏನೂ ಇಲ್ಲದಿದ್ದರೆ ಮೊದಲಿನಿಂದ ತೆಗೆದುಕೊಳ್ಳಬೇಕು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶ ಯಾದೃಚ್ಛಿಕ ಪುಟವನ್ನು ತೋರಿಸುವುದು ಹೀಗೆಯೇ. ಅದರ ‘ಪೇಜ್’ ಟೇಬಲ್‌ನಲ್ಲಿ ‘ಪೇಜ್_ರ‍್ಯಾಂಡಮ್’ ಎಂಬ ಕಾಲಂ ಇದಕ್ಕೆಂದೇ ಇದೆ. ವಿಕಿಪೀಡಿಯದಂಥ ತಾಣದ ಹೊರೆಯನ್ನು ಈ ವಿಧಾನ ತಾಳಿಕೊಂಡಿದೆ ಎಂಬುದೇ ಅದರ ಬಲಕ್ಕೆ ಸಾಕ್ಷಿ.

ಸಂಭವಿ:

ವಿಧಾನ ಒಳ್ಳೆಯದು, ಆದರೆ ಅದರ ಎರಡು ದೋಷಗಳನ್ನು ತಿಳಿದೇ ಬಳಸಬೇಕು. ಖಾಲಿ ಜಾಗದ ಪಕ್ಷಪಾತ ಇಲ್ಲಿ ಚಿಕ್ಕದಾಗುತ್ತದೆಯೇ ಹೊರತು ಹೋಗುವುದಿಲ್ಲ. ಯಾದೃಚ್ಛಿಕ ಸಂಖ್ಯೆಗಳು ಸಮದೂರದಲ್ಲಿ ಕೂರುವುದಿಲ್ಲ; ಕೆಲವು ಒತ್ತೊತ್ತಾಗಿ, ಕೆಲವು ದೂರ ದೂರವಾಗಿ ಬೀಳುತ್ತವೆ. 10 ಲಕ್ಷ ಸಾಲುಗಳಿದ್ದರೆ ಅತಿ ದೊಡ್ಡ ಅಂತರ ಸರಾಸರಿಯ ಸುಮಾರು 14 ಪಟ್ಟು ಇರುತ್ತದೆ, ಆ ಸಾಲಿಗೆ ಅಷ್ಟೇ ಪಟ್ಟು ಹೆಚ್ಚು ಅವಕಾಶ. ಒತ್ತಾಗಿ ಸಿಕ್ಕಿಕೊಂಡ ಸಾಲುಗಳು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಈ ಭಾಗ್ಯ ಸಂಖ್ಯೆ ಬರೆದ ದಿನವೇ ನಿಗದಿಯಾಗಿ, ಮತ್ತೆ ಬರೆಯುವ ತನಕ ಹಾಗೆಯೇ ಉಳಿಯುತ್ತದೆ.

ಎರಡನೆಯದು ಹೆಚ್ಚು ಕಣ್ಣಿಗೆ ಬೀಳುವಂಥದ್ದು. ಒಂದು ಸಂಖ್ಯೆಯನ್ನು ತೆಗೆದು ಅಲ್ಲಿಂದ ಮುಂದಿನ ಹತ್ತು ಸಾಲುಗಳನ್ನು ಒಟ್ಟಿಗೆ ಕೇಳಿದರೆ, ಅಕ್ಕಪಕ್ಕದ ಪ್ರಶ್ನೆಗಳು ಯಾವಾಗಲೂ ಜೊತೆಯಾಗಿಯೇ ಬರುತ್ತವೆ. ಒಂದು ಪ್ರಶ್ನೆಯನ್ನು ಕಂಡ ವಿದ್ಯಾರ್ಥಿ ಮುಂದಿನದು ಯಾವುದೆಂದು ಹೇಳಬಲ್ಲನು. ಹಾಗಾಗಿ ಹತ್ತು ಬೇರೆ ಬೇರೆ ಸಂಖ್ಯೆಗಳನ್ನು ತೆಗೆದು ಹತ್ತು ಸಣ್ಣ ಕ್ವೆರಿಗಳನ್ನು ‘ಯೂನಿಯನ್ ಆಲ್’ ಮೂಲಕ ಸೇರಿಸಿ ಕಳುಹಿಸುವುದು ಉತ್ತಮ. ಒಂದೇ ಸಾಲು ಎರಡು ಸಲ ಬಂದರೆ ಅದರ ಬದಲು ಇನ್ನೊಂದನ್ನು ತೆಗೆಯಬೇಕು.

ಹೊಂಬಿಸಿಲು:

14 ಪಟ್ಟು ಎಂಬುದು ಒಂದೆರಡು ಸಾಲುಗಳ ಮಾತು. ಓದುಗರಿಗೆ ಒಂದು ಲೇಖನವನ್ನೋ ಒಂದು ಚಿತ್ರವನ್ನೋ ತೋರಿಸುವ ಪುಟದಲ್ಲಿ ಇದು ಯಾರ ಗಮನಕ್ಕೂ ಬಾರದು. ಎಲ್ಲ ಕಡೆಯೂ ಗಣಿತದ ಪೂರ್ಣ ಸಮಾನತೆಯನ್ನು ಬೇಡುವುದು ಅನಗತ್ಯ ವೆಚ್ಚ ಎಂಬುದು ನನ್ನ ನಿಲುವು.

ಸಂಭವಿ:

ಚಿತ್ರ ತೋರಿಸುವ ಪುಟದ ಮಟ್ಟಿಗೆ ಒಪ್ಪುತ್ತೇನೆ. ಪ್ರಶ್ನೆ ಇರುವುದು ಆಯ್ಕೆಯ ಫಲವನ್ನು ಮುಂದೆ ಯಾವುದಕ್ಕೆ ಬಳಸುತ್ತಾರೆ ಎಂಬಲ್ಲಿ. ಬಹುಮಾನದ ವಿಜೇತರನ್ನು ಆರಿಸುವುದಾದರೆ ಎರಡು ಪಟ್ಟು ಕೂಡ ಅನ್ಯಾಯ. ಅಲ್ಲಿ ರ‍್ಯಾಂಡ್‌ನಂಥ ಊಹಿಸಬಹುದಾದ ಸಂಖ್ಯೆಗಳನ್ನೂ ಬಳಸಬಾರದು, ಕಾರ್ಯಾಚರಣ ವ್ಯವಸ್ಥೆ ಒದಗಿಸುವ ಗೂಢಲಿಪಿ ದರ್ಜೆಯ ಸಂಖ್ಯೆಗಳನ್ನು ಬಳಸಬೇಕು. ಅಭ್ಯಾಸಿಯವರು ಪ್ರಶ್ನೆಗಳ ಅಂಕಿಅಂಶವನ್ನು ಏನು ಮಾಡುತ್ತಾರೆ ಎಂಬುದನ್ನು ತಿಳಿಸಿದರೆ ಒಳಿತು.

ಅಭ್ಯಾಸಿ:

ಪ್ರತಿ ಪ್ರಶ್ನೆಗೆ ಎಷ್ಟು ಜನ ಸರಿಯುತ್ತರ ಕೊಟ್ಟರು ಎಂಬುದರಿಂದ ಅದರ ಕಠಿಣತೆಯನ್ನು ಲೆಕ್ಕ ಹಾಕುತ್ತೇವೆ. ಕೆಲವು ಪ್ರಶ್ನೆಗಳು ಯಾರ ಕಣ್ಣಿಗೂ ಬೀಳದೆ ಉಳಿದರೆ ಅವುಗಳ ಲೆಕ್ಕ ಎಂದೂ ನೆಲೆಗೆ ನಿಲ್ಲುವುದಿಲ್ಲ. ಆದ್ದರಿಂದ ನಮಗೆ ಸಮಾನ ಅವಕಾಶ ಬೇಕೇ ಬೇಕು.

ಉತ್ತರಾಯಣ:

ನಾವು ಪೋಸ್ಟ್‌ಗ್ರೆಸ್‌ಕ್ಯೂಎಲ್ ಬಳಸುವವರು. ಅಲ್ಲಿ 9.5ರಿಂದ ‘ಟೇಬಲ್‌ಸ್ಯಾಂಪಲ್’ ಎಂಬ ಉಪವಾಕ್ಯವಿದೆ. ‘ಸಿಸ್ಟಮ್’ ವಿಧಾನ 8 ಕೆಬಿಯ ಪುಟಗಳನ್ನೇ ಇಡಿಯಾಗಿ ಆರಿಸುವುದರಿಂದ ಬಹಳ ವೇಗ, ಆದರೆ ಒಂದೇ ಪುಟದಲ್ಲಿರುವ, ಅಂದರೆ ಬಹುಶಃ ಒಟ್ಟಿಗೆ ಸೇರಿಸಿದ ಸಾಲುಗಳು ಗುಂಪಾಗಿ ಬರುತ್ತವೆ. ‘ಬರ್ನೂಲಿ’ ವಿಧಾನ ಸಾಲು ಸಾಲಿಗೂ ಪ್ರತ್ಯೇಕ ನಿರ್ಣಯ ಮಾಡುತ್ತದೆ, ಅದಕ್ಕಾಗಿ ಇಡೀ ಟೇಬಲ್ಲನ್ನು ಓದುತ್ತದೆ.

ಇದನ್ನು ಬಳಸುವವರು ಹೆಚ್ಚಾಗಿ ಎಡವುವುದು ಲಿಮಿಟ್‌ನಲ್ಲಿ. ‘ಬರ್ನೂಲಿ’ಗೆ ಶೇಕಡಾ 1 ಎಂದು ಕೊಟ್ಟು ಕೊನೆಗೆ ‘ಲಿಮಿಟ್ 10’ ಸೇರಿಸಿದರೆ, 10 ಲಕ್ಷ ಸಾಲುಗಳಲ್ಲಿ ಆಯ್ಕೆಯಾಗಬೇಕಿದ್ದ ಸುಮಾರು 10,000ದಲ್ಲಿ ಮೊದಲು ಸಿಕ್ಕ ಹತ್ತೇ ಬರುತ್ತವೆ, ಅವು ಟೇಬಲ್‌ನ ಆರಂಭದ ಸುಮಾರು ಸಾವಿರ ಸಾಲುಗಳಿಂದ ಬಂದವು. ಸಂಭವಿಯವರು ಮೇಲೆ ತೋರಿಸಿದ ದೋಷವೇ ಬೇರೆ ವೇಷದಲ್ಲಿ. ಮಾದರಿಯನ್ನು ಸ್ವಲ್ಪ ದೊಡ್ಡದಾಗಿ ತೆಗೆದು, ಅದನ್ನು ‘ರ‍್ಯಾಂಡಮ್()’ನಿಂದ ವಿಂಗಡಿಸಿ, ಆಮೇಲೆ ಮಿತಿ ಹಾಕಬೇಕು. ಮತ್ತೊಂದು ಮಾತು: ಮಾದರಿ ತೆಗೆಯುವುದು ಮೊದಲು, ವೇರ್ ಷರತ್ತು ಆಮೇಲೆ. ವಿಷಯದ ಪಾಲು ಚಿಕ್ಕದಿದ್ದರೆ ಕೈಗೆ ಏನೂ ಸಿಗದೆ ಹೋಗಬಹುದು. ಮೈಎಸ್‌ಕ್ಯೂಎಲ್ 8.0ರಲ್ಲಿ ಈ ಸೌಲಭ್ಯ ಇಲ್ಲವಾದ್ದರಿಂದ ಅಭ್ಯಾಸಿಯವರಿಗೆ ಇದು ನೇರವಾಗಿ ಒದಗದು.

ತೊರೆಸಾಲು:

ಇಷ್ಟು ಚರ್ಚೆಯ ನಡುವೆ ಒಂದು ಸರಳ ಲೆಕ್ಕವನ್ನು ಮುಂದಿಡುತ್ತೇನೆ. ಐಡಿ 32 ಬಿಟ್‌ನ ಪೂರ್ಣಾಂಕವಾದರೆ ಅದಕ್ಕೆ 4 ಬೈಟ್ ಸಾಕು. 10 ಲಕ್ಷ ಐಡಿಗಳಿಗೆ 40 ಲಕ್ಷ ಬೈಟ್, ಅಂದರೆ ಸುಮಾರು 4 ಎಂಬಿ. ಇಡೀ ಟೇಬಲ್‌ನ ಐಡಿಗಳು ಒಂದು ಛಾಯಾಚಿತ್ರದಷ್ಟು ಜಾಗದಲ್ಲಿ ಕೂರುತ್ತವೆ ಎಂದ ಮೇಲೆ, ಆರಿಸುವ ಕೆಲಸವನ್ನು ಡೇಟಾಬೇಸ್‌ಗೆ ಒಪ್ಪಿಸುವುದಾದರೂ ಏಕೆ?

ಪ್ರತಿ ವಿಷಯಕ್ಕೂ ಅನುಮೋದನೆಯಾದ ಐಡಿಗಳ ಒಂದೊಂದು ಪಟ್ಟಿಯನ್ನು ಅಪ್ಲಿಕೇಶನ್‌ನ ಮೆಮೊರಿಯಲ್ಲಿ ಇಟ್ಟುಕೊಳ್ಳಿ. ಪಟ್ಟಿಯೊಳಗೆ ಖಾಲಿ ಜಾಗ ಎಂಬುದೇ ಇಲ್ಲ. ಅದರ ಉದ್ದದೊಳಗೆ ಬೇರೆ ಬೇರೆಯಾದ ಹತ್ತು ಸ್ಥಾನಗಳನ್ನು ತೆಗೆದರೆ ಆಯ್ಕೆ ಪೂರ್ಣ ಸಮಾನ, ಹತ್ತರ ಯಾವ ಗುಂಪಿಗೂ ಅಷ್ಟೇ ಅವಕಾಶ. ಆಮೇಲೆ ಆ ಹತ್ತು ಐಡಿಗಳನ್ನು ಪ್ರೈಮರಿ ಕೀ ಮೂಲಕ ತರಿಸಿದರೆ ಡೇಟಾಬೇಸ್‌ನ ಪಾಲಿಗೆ ಉಳಿಯುವುದು ಅತಿ ಅಗ್ಗದ ಕೆಲಸ. ಪಟ್ಟಿಯನ್ನು ಕೆಲವು ನಿಮಿಷಗಳಿಗೊಮ್ಮೆ ಹೊಸದಾಗಿ ಓದಿದರೆ ಸಾಕು. ಆ ನಡುವೆ ಯಾವುದಾದರೂ ಪ್ರಶ್ನೆ ರದ್ದಾಗಿರಬಹುದಾದ್ದರಿಂದ, ತರಿಸುವ ಕ್ವೆರಿಯಲ್ಲಿ ಅನುಮೋದನೆಯ ಷರತ್ತನ್ನು ಮತ್ತೆ ಹಾಕಿ, ಹತ್ತರ ಬದಲು ಹನ್ನೆರಡನ್ನು ಕೇಳಿ.

ಪ್ರತಿ ಕೋರಿಕೆಗೂ ಹೊಸದಾಗಿ ಹುಟ್ಟಿ ಸಾಯುವ ಪಿಎಚ್‌ಪಿಯಂಥ ವ್ಯವಸ್ಥೆಯಲ್ಲಿ ಮೆಮೊರಿ ಉಳಿಯುವುದಿಲ್ಲ. ಅಲ್ಲಿ ವಿಷಯಕ್ಕೊಂದರಂತೆ, ಮೆಮೊರಿಯಲ್ಲೇ ಮಾಹಿತಿ ಇಡುವ ಪ್ರತ್ಯೇಕ ಸರ್ವರ್ ಆದ ರೆಡಿಸ್‌ನ ಸೆಟ್ ಕಟ್ಟಿ, ‘ಎಸ್‌ರ‍್ಯಾಂಡ್‌ಮೆಂಬರ್’ ಆದೇಶಕ್ಕೆ ಸಂಖ್ಯೆ ಕೊಟ್ಟು ಕೇಳಬಹುದು. ಧನ ಸಂಖ್ಯೆ ಕೊಟ್ಟರೆ ಒಂದೇ ಐಡಿ ಎರಡು ಸಲ ಬರುವುದಿಲ್ಲ, ಋಣ ಸಂಖ್ಯೆ ಕೊಟ್ಟರೆ ಬರಬಹುದು.

ಕಡತಗಾರ:

ಅಭ್ಯಾಸಿಯವರ ಸಂದರ್ಭಕ್ಕೆ ಇದೇ ಸರಿ ಎಂದು ನನಗೂ ಅನ್ನಿಸುತ್ತದೆ. ಸಾಲುಗಳು ಹತ್ತಾರು ಕೋಟಿಗೆ ಏರಿದರೆ, ಅಥವಾ ಷರತ್ತುಗಳು ಬಳಕೆದಾರರಿಂದ ಬಳಕೆದಾರರಿಗೆ ಬದಲಾಗುತ್ತಿದ್ದರೆ ಪಟ್ಟಿಗಳನ್ನು ಮೊದಲೇ ಕಟ್ಟಿಡಲಾಗದು. ಆಗ ಹೊಂಬಿಸಿಲು ಅವರ ಕಾಲಂಗೆ ಮರಳಬೇಕು.

ಜಾಲತಾಣದ ಕಡೆಯಿಂದ ಎರಡು ವಿಷಯ ಸೇರಿಸುತ್ತೇನೆ. ಪುಟವನ್ನು ಮುಂದಿನ ಹಂತದ ಕ್ಯಾಷ್ ಸರ್ವರ್ ಹಿಡಿದಿಟ್ಟುಕೊಂಡರೆ ನೀವು ಎಷ್ಟೇ ಚೆನ್ನಾಗಿ ಆರಿಸಿದರೂ ಎಲ್ಲರಿಗೂ ಅದೇ ಹತ್ತು ಪ್ರಶ್ನೆಗಳು ಕಾಣುತ್ತವೆ, ಹಾಗಾಗಿ ಆ ಭಾಗವನ್ನು ಕ್ಯಾಷ್ ಆಗದಂತೆ ಪ್ರತ್ಯೇಕ ಕೋರಿಕೆಯಲ್ಲಿ ತರಿಸಿ. ಎರಡನೆಯದಾಗಿ, ಆರಿಸಿದ ಐಡಿಗಳನ್ನು ವಿದ್ಯಾರ್ಥಿಯ ಸೆಷನ್‌ನಲ್ಲಿ ಬರೆದಿಡಿ. ಪುಟವನ್ನು ಮತ್ತೆ ಲೋಡ್ ಮಾಡಿದಾಗ, ಹಿಂದಿನ ಪ್ರಶ್ನೆಗೆ ಮರಳಿದಾಗ ಹೊಸ ಆಯ್ಕೆ ನಡೆಯಬಾರದು.

ಅಭ್ಯಾಸಿ:

ನಮ್ಮದು ನಿರಂತರವಾಗಿ ಓಡುವ ಪ್ರಾಸೆಸ್ ಆದ್ದರಿಂದ ಮೆಮೊರಿಯಲ್ಲಿ ಪಟ್ಟಿ ಇಡುವುದನ್ನೇ ಅಳವಡಿಸುತ್ತೇನೆ. ಸೆಷನ್‌ನ ಸಲಹೆಯನ್ನೂ ಸೇರಿಸುತ್ತೇನೆ. ಕೊನೆಯ ಒಂದು ಪ್ರಶ್ನೆ: ಕೆಲವು ಹೊಸ ವಿಷಯಗಳಲ್ಲಿ ಇನ್ನೂ ನೂರಿನ್ನೂರು ಪ್ರಶ್ನೆಗಳಷ್ಟೇ ಇವೆ. ಅವುಗಳಿಗೂ ಪಟ್ಟಿ ಬೇಕೇ?

ತೊರೆಸಾಲು:

ಪಟ್ಟಿಯ ಕೋಡ್ ಹೇಗೂ ಇರುವುದರಿಂದ ಎಲ್ಲ ವಿಷಯಗಳೂ ಅದರ ಮೂಲಕವೇ ಹೋಗಲಿ, ಎರಡು ದಾರಿಗಳನ್ನು ಕಾಯುವ ಕೆಲಸ ತಪ್ಪುತ್ತದೆ. ಕೇವಲ ಅಂಥ ವಿಷಯಗಳೇ ಇದ್ದಿದ್ದರೆ ವಿಷಯದ ಇಂಡೆಕ್ಸ್ ಜೊತೆಗೆ ‘ಆರ್ಡರ್ ಬೈ ರ‍್ಯಾಂಡ್() ಲಿಮಿಟ್ 10’ ಎಂದೇ ಬಿಡಿ ಎನ್ನುತ್ತಿದ್ದೆ. ಇನ್ನೂರು ಸಾಲುಗಳಲ್ಲಿ ಅದು ನಿಧಾನವೂ ಅಲ್ಲ, ಪಕ್ಷಪಾತವೂ ಇಲ್ಲ.